ಸುಂಕದ ಕಟ್ಟೆಯಲ್ಲಿ ಮುದಿ ಮೋಟಾರು

ಅಮೆರಿಕದ ಡೆಟ್ರಾಯಿಟ್ ನಗರದ ನದೀತೀರದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕಾಣುವುದು ಕೆನಡಾ! ಕೆನಡಾ ಉತ್ತರದಲ್ಲಿದೆಯೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಇದು ವಿಚಿತ್ರವೆನಿಸದೆ ಇರದು. ನದಿ ಅಲ್ಲಿ ಹಾಗೆ ತಿರುಗಿಕೊಂಡಿದೆ. ಎದುರು ದಡದ ಊರು ವಿಂಡ್ಸರ್. ಎರಡರ ನಡುವೆ 1929ರಲ್ಲಿ ತೆರೆದ ಅಂಬಾಸಡರ್ ತೂಗುಸೇತುವೆ. ಮರುವರ್ಷವೇ ತೆರೆದ, ನದಿಯ ಅಡಿಯ ಸುರಂಗಮಾರ್ಗ.

ಮೋಟಾರಿನ ಚರಿತ್ರೆಯಲ್ಲಿ ಈ ನದಿಗೆ ದೊಡ್ಡ ಪಾತ್ರವಿದೆ. 20ನೆಯ ಶತಮಾನದ ಆದಿಯಲ್ಲಿ ಕೆನಡಾ ಸರ್ಕಾರವು ಹೊರಗಿನ ಗಾಡಿಗಳ ಮೇಲೆ ನೂರಕ್ಕೆ 35ರಷ್ಟು ಸುಂಕ ಹೇರಿತ್ತು. ಈಗ ವಿಂಡ್ಸರಿನಲ್ಲಿ ಸೇರಿಹೋಗಿರುವ ವಾಕರ್‌ವಿಲ್‌ನಲ್ಲಿ ಬಂಡಿ ಕಾರ್ಖಾನೆ ನಡೆಸುತ್ತಿದ್ದ ಗಾರ್ಡನ್ ಮೆಕ್‌ಗ್ರೆಗರ್ ಎಂಬಾತ ಹೆನ್ರಿ ಫೋರ್ಡನೊಡನೆ ಒಪ್ಪಂದ ಮಾಡಿಕೊಂಡು, 1904ರಲ್ಲಿ ಕೆನಡಾದ ಫೋರ್ಡ್ ಕಂಪನಿಗೆ ತಳಹದಿ ಹಾಕಿದ. ಬಿಡಿಭಾಗಗಳು ದೋಣಿಯಲ್ಲಿ ನದಿ ದಾಟಿದವು. ಆಚೆ ದಡದಲ್ಲಿ ಗಾಡಿಗಳಾದವು. ಬ್ರಿಟನ್ ಮತ್ತು ಐರ್ಲೆಂಡುಗಳನ್ನು ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಫೋರ್ಡ್ ಗಾಡಿಗಳನ್ನು ಒದಗಿಸುವ ಹಕ್ಕು ಈ ಕಂಪನಿಯದೇ ಆಯಿತು. 1926ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಫೋರ್ಡ್ ಕಂಪನಿಯೂ ಇದರ ಶಾಖೆಯೇ.

ಡೆಟ್ರಾಯಿಟ್‌ನಲ್ಲಿ ನೆಲೆಸಿರುವ ಕನ್ನಡಿಗ ಮಿತ್ರರೊಬ್ಬರು ವಿಂಡ್ಸರಿನ ವೃದ್ಧರಿಂದ 1923ರ ಮಾಡೆಲ್ ಟಿ ಗಾಡಿಯೊಂದನ್ನು ಕೊಂಡಿದ್ದರು. ಅದನ್ನು ತರಲು ಹೋದಾಗ ನಾನೂ ಜೊತೆಗಿದ್ದೆ. ಗಾಡಿ ವೃದ್ಧರ ತಂದೆಯ ಕಾಲದ್ದು. ಮಕ್ಕಳಾರಿಗೂ ಅದರ ಮೇಲೆ ಆಸೆಯಿಲ್ಲವಂತೆ.

ಅಮೆರಿಕದ ನಿಯಮದಂತೆ, ತಯಾರಾಗಿ 25 ವರ್ಷ ತುಂಬಿದ ಗಾಡಿಗೆ ಸುರಕ್ಷತೆಯ ಕಟ್ಟಳೆಗಳಿಂದ ವಿನಾಯಿತಿ. ಮೂಲರೂಪದಲ್ಲಿಯೇ ಇದ್ದರೆ, ಹೊಗೆಯ ಕಟ್ಟಳೆಗಳಿಂದ 21 ವರ್ಷಕ್ಕೇ ಬಿಡುಗಡೆ. ಕೆನಡಾ ಇನ್ನೂ ಉದಾರಿ. ಅದಕ್ಕೆ 15 ವರ್ಷ ಸಾಕು. ಹೀಗಾಗಿ ಜಪಾನಿನಿಂದ ಬಂದ 20 ವರ್ಷದ ಗಾಡಿಯೊಂದು ವಿಂಡ್ಸರಿನ ಬೀದಿಗಳಲ್ಲಿ ಸ್ವಚ್ಛಂದವಾಗಿ ಓಡಾಡುತ್ತಿದ್ದರೂ, ಡೆಟ್ರಾಯಿಟ್‌ನಲ್ಲಿ ನೆಲೆಗೊಳ್ಳಲು ಇನ್ನೈದು ವರ್ಷ ಕಾಯಬೇಕಾದೀತು. ಮನುಷ್ಯರು ವಯಸ್ಸನ್ನು ಮರೆಮಾಚುತ್ತಾರೆ. ಇಲ್ಲಿ ಮೋಟಾರುಗಳು ಮುಪ್ಪನ್ನು ಸಾಬೀತು ಮಾಡಬೇಕು.

ಸಾಬೀತು ಮಾಡುವುದು ಹೇಗೆ? ಕಾಗದದಲ್ಲಿರುವ ಸಂಖ್ಯೆ ಗಾಡಿಯ ಮೇಲೂ ಇರಬೇಕು. ಮಾಡೆಲ್ ಟಿ ಗಾಡಿಗೆ ಇಂಜಿನ್ನಿನ ಸಂಖ್ಯೆಯೇ ಗುರುತು. ಹಿಂದೆ ಇಂಜಿನ್ ಕೆಟ್ಟರೆ ಮತ್ತೊಂದನ್ನು ಕೂರಿಸಿ ಓಡಿಸುತ್ತಿದ್ದರು. ಅಂಥ ಗಾಡಿಗೆ ಮೈ ಒಂದು ವರ್ಷದ್ದು, ಹೃದಯ ಇನ್ನೊಂದು ವರ್ಷದ್ದು. ಈ ಗಾಡಿಯ ಸಂಖ್ಯೆಯಾದರೋ ಬಣ್ಣದ ಅಡಿಯಲ್ಲಿ ಹೂತುಹೋಗಿತ್ತು. ಮಿತ್ರರ ಮುಖ ಬಾಡಿತು. ಸಂಖ್ಯೆ ಹೊಂದದಿದ್ದರೆ ಹಣ ಕೊಟ್ಟ ಗಾಡಿ ಆಚೆಯೇ ಉಳಿದೀತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು?

ವೃದ್ಧರು ಮೊಣಕಾಲೂರಿ, ಸೀಮೆಎಣ್ಣೆಯ ಬಟ್ಟೆಯಿಂದ ಅರ್ಧ ಗಂಟೆ ತಿಕ್ಕಿದರು. ಮೊದಲು ‘ಸಿ’ ಎಂಬ ಅಕ್ಷರ ಮೂಡಿತು. ಕೆನಡಾದಲ್ಲಿ ತಯಾರಾದ ಇಂಜಿನ್ನಿನ ಗುರುತದು. ಬಳಿಕ ಒಂದೊಂದೇ ಅಂಕೆ. ಕೊನೆಯದು ಮೂರೋ ಎಂಟೋ ತಿಳಿಯದೆ, ಕಾಗದವನ್ನು ಒತ್ತಿ ಸೀಸದ ಕಡ್ಡಿ ಉಜ್ಜಿದರು. ಮೂರು! ಕಾಗದದಲ್ಲಿಯೂ ಮೂರೇ.

“ಇದು ನಮ್ಮೂರಿನದೇ ಎನ್ನಲು ನನಗೆ ಸಂಖ್ಯೆ ಬೇಕಿಲ್ಲ,” ಎಂದು ವೃದ್ಧರು ಚಾಲಕನ ಪಕ್ಕದ ಬಾಗಿಲನ್ನು ತೆರೆದು ತೋರಿಸಿದರು. ಅದೇ ಕಾಲದ ಅಮೆರಿಕದ ಟೂರಿಂಗ್ ಮಾದರಿಯಲ್ಲಿ ಅಲ್ಲಿ ಬಾಗಿಲಿನ ಗೆರೆ ಮಾತ್ರ ಇರುತ್ತಿತ್ತು, ತೆರೆಯುತ್ತಿರಲಿಲ್ಲ. ಕೆನಡಾದ ಕಾರ್ಖಾನೆಯು ಎಡಕ್ಕೂ ಬಲಕ್ಕೂ ಚಕ್ರವಿಡುವ ಗಾಡಿಗಳನ್ನು ಮಾಡಬೇಕಿದ್ದುದರಿಂದ ಎರಡೂ ಕಡೆ ನಿಜವಾದ ಬಾಗಿಲನ್ನಿಟ್ಟಿತು. ಬಲಚಕ್ರದ ಗಾಡಿಗಳು ಹೊರಟದ್ದು ನಮ್ಮಂಥ ದೇಶಗಳಿಗೆ. ವಿಂಡ್ಸರಿನ ಆ ವೃದ್ಧರ ಗಾಡಿಯ ಬಾಗಿಲಿಗೆ ನಾವೂ ಒಂದಿಷ್ಟು ಕಾರಣರೆಂಬುದನ್ನು ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು.

ಗಾಡಿಯನ್ನು ಟ್ರೇಲರಿನ ಮೇಲೇರಿಸಿ ಬಿಗಿದು ಸೇತುವೆಗೆ ಬಂದೆವು. ಪಾನನಿರೋಧದ 1920ರ ದಶಕದಲ್ಲಿ ಇದೇ ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ, ವಿಸ್ಕಿ ತುಂಬಿದ ಮುರುಕು ಮೋಟಾರುಗಳು ಮಂಜುಗಡ್ಡೆಯ ಮೇಲೆಯೇ ದಾಟುತ್ತಿದ್ದುವಂತೆ. ಕೆಲವು ನೀರುಪಾಲಾದವು. ಆ ಗಾಡಿಗಳಿಗೆ ನಮೂನೆಗಳ ಕಾಟವಿರಲಿಲ್ಲ. ನಮಗಿತ್ತು: ಸಾರಿಗೆ ಇಲಾಖೆಗೊಂದು, ಪರಿಸರ ಇಲಾಖೆಗೊಂದು, ಮಾರಾಟದ ಚೀಟಿ ಬೇರೆ. ಅಧಿಕಾರಿ ಟಾರ್ಚು ಹಿಡಿದು ಸಂಖ್ಯೆ ನೋಡಿದ, ಕಾಗದ ನೋಡಿದ, ಮತ್ತೆ ಸಂಖ್ಯೆ ನೋಡಿದ, ಮುದ್ರೆಯೊತ್ತಿದ.

ಮಿತ್ರರು ಕೂಡಲೇ ವೃದ್ಧರಿಗೆ ಫೋನು ಮಾಡಿದರು. ಅವರು ಸುಂಕದ ಮಾತನ್ನೇ ಎತ್ತಲಿಲ್ಲ. ಸೇತುವೆಯ ಇಳಿಜಾರಿನಲ್ಲಿ ಹಿಂದಿನ ಹಗ್ಗವೇನಾದರೂ ಸಡಿಲವಾಯಿತೇ ಎಂದು ಕೇಳಿದರು.