ಹೊಳೆಯ ನುಸಿಗೊಂದು ಹೆಸರು



ಹೊಳೆಯ ದಂಡೆಯಲ್ಲಿ ಬದುಕುವವರಿಗೆ ಒಂದು ಬಗೆಯ ಕಡಿತದ ಪರಿಚಯ ಇದ್ದೇ ಇರುತ್ತದೆ. ಹಾಡಹಗಲಿನಲ್ಲಿ, ಬಟ್ಟೆ ಒಗೆಯುವಾಗಲೋ ದನಗಳ ಮೈ ತೊಳೆಯುವಾಗಲೋ, ಎಳ್ಳುಕಾಳಿನಷ್ಟು ಗಾತ್ರದ ಕಪ್ಪು ಹುಳುವೊಂದು ಮೊಣಕಾಲ ಕೆಳಗೆ ಬಂದು ಕೂರುತ್ತದೆ. ಕೂತದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ಆಗ ತಿಳಿಯುವುದಿಲ್ಲ. ಅದು ಹಾರಿಹೋದ ಮೇಲೆ ಚರ್ಮದ ಮೇಲೊಂದು ರಕ್ತದ ಚುಕ್ಕೆ ಉಳಿದಿರುತ್ತದೆ. ನವೆ ಆರಂಭವಾಗುವುದು ಆನಂತರ. ಇದಕ್ಕೆ ನಾವು ಇಟ್ಟಿರುವ ಹೆಸರೇನು? ಕೆಲವರು ನುಸಿ ಎನ್ನುತ್ತಾರೆ, ಕೆಲವರು ನೊರಜು ಎನ್ನುತ್ತಾರೆ, ಗುಂಗುರು ಎನ್ನುವವರೂ ಉಂಟು. ಆದರೆ ಈ ಮೂರು ಹೆಸರುಗಳನ್ನೂ ನಾವು ಕಣ್ಣಮುಂದೆ ಹಾರಾಡುವ ಯಾವ ಕಿರುಹುಳುವಿಗೆ ಬೇಕಾದರೂ ಕೊಡುತ್ತೇವೆ. ಇದಕ್ಕೇ ಮೀಸಲಾದ ಹೆಸರೊಂದು ನಮ್ಮ ಮಾತಿನಲ್ಲಿಲ್ಲ.

ವಿಜ್ಞಾನಿಗಳು ಇದನ್ನು ಕಪ್ಪು ನೊಣವೆಂದು ಕರೆಯುತ್ತಾರೆ. ಬೆನ್ನು ಗೂನು, ಕಾಲು ಗಿಡ್ಡ, ರೆಕ್ಕೆ ಅಗಲ. ಗಂಡು ಹೂವಿನ ಮಕರಂದವನ್ನು ಹೀರಿ ಬದುಕುತ್ತದೆ. ರಕ್ತ ಬಯಸುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಗಳು ಬಲಿಯಲೆಂದು. ಸೊಳ್ಳೆಯಂತೆ ಇದು ಸೂಜಿ ಚುಚ್ಚುವುದಿಲ್ಲ, ಚರ್ಮವನ್ನು ಕೊಯ್ದು ಒಸರಿದ ರಕ್ತವನ್ನು ನೆಕ್ಕುತ್ತದೆ. ಜಗತ್ತಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಕಪ್ಪು ನೊಣದ ಪ್ರಭೇದಗಳು 2,300ಕ್ಕೂ ಹೆಚ್ಚು. ಯೂರೋಪಿನ ಡ್ಯಾನ್ಯೂಬ್ ನದಿಯ ಗೊಲುಬಾಟ್ಸ್ ಪ್ರದೇಶದಲ್ಲಿ 1923ರಲ್ಲಿ ಇವು ದಂಡುದಂಡಾಗಿ ಎದ್ದು ಸಾವಿರಾರು ದನಕುರಿಗಳನ್ನು ಕೊಂದವು. ಸಂತ ಜಾರ್ಜರು ಸಂಹರಿಸಿದ ಘಟಸರ್ಪದ ಹೆಣ ಅಲ್ಲಿನ ಗುಹೆಯೊಂದರಲ್ಲಿ ಬಿದ್ದಿದೆ, ಈ ನೊಣಗಳು ಅದರಿಂದಲೇ ಹುಟ್ಟಿ ಬರುತ್ತವೆ ಎಂಬ ದಂತಕಥೆ ಆ ಸೀಮೆಯ ಜನರಲ್ಲಿತ್ತು. ಕಥೆ ಏನೇ ಇರಲಿ, ಅವು ಹುಟ್ಟುವುದು ಹರಿಯುವ ನೀರಿನಲ್ಲಿ.

ಈ ನೊಣಗಳ ಹೆಸರಿನ ಹಿಂದೆ ಒಬ್ಬ ಗುರುಗಳಿದ್ದಾರೆ ಎಂಬುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತಮ್ಮ ಜೀವಿಗಳ ಮಹಾಪಟ್ಟಿಯನ್ನು ಸಿದ್ಧಪಡಿಸಿದಾಗ ಇಂಥ ಎರಡು ನೊಣಗಳನ್ನು ಸೊಳ್ಳೆಗಳ ಜೊತೆಯಲ್ಲೇ ಸೇರಿಸಿಬಿಟ್ಟಿದ್ದರು. ಇವು ಸೊಳ್ಳೆಗಳಲ್ಲ, ಇವುಗಳ ಕುಲವೇ ಬೇರೆ ಎಂದು 1802ರಲ್ಲಿ ಬಿಡಿಸಿ ಇಟ್ಟವರು ಫ್ರಾನ್ಸಿನ ಪಿಯರ್ ಆಂದ್ರೆ ಲಾತ್ರೆಯ್. ಅವರು ಆ ಕುಲಕ್ಕೆ ಕೊಟ್ಟ ಹೆಸರು ಸಿಮ್ಯುಲಿಯಮ್. 1762ರಲ್ಲಿ ಬ್ರೀವ್ ಪಟ್ಟಣದಲ್ಲಿ ಹುಟ್ಟಿದ ಲಾತ್ರೆಯ್ 1786ರಲ್ಲಿ ಗುರುದೀಕ್ಷೆ ಪಡೆದರು. ಮೂರು ವರ್ಷಗಳಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಗುರುಗಳೆಲ್ಲರೂ ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆಜ್ಞೆಗೆ ಅವರು ತಲೆಬಾಗಲಿಲ್ಲ. 1793ರ ಕೊನೆಯಲ್ಲಿ ಅವರ ಬಂಧನವಾಯಿತು. ಮುಂದೆ ಅವರನ್ನು ಬೋರ್ಡೊ ನಗರದ ಸೆರೆಮನೆಯಲ್ಲಿ ಇಡಲಾಯಿತು.

ಸೆರೆಯಾಳುಗಳನ್ನು ಪರೀಕ್ಷಿಸಲು ಬಂದ ವೈದ್ಯರ ಕಣ್ಣಿಗೆ, ಕೋಣೆಯ ನೆಲದ ಮೇಲೆ ಹರಿದಾಡುತ್ತಿದ್ದ ಒಂದು ಜೀರುಂಡೆಯನ್ನು ಮೈಮರೆತು ನೋಡುತ್ತಿದ್ದ ಈ ಗುರು ಬಿದ್ದರು. ಏನದು ಎಂದು ವೈದ್ಯರು ಕೇಳಿದರೆ, ಬಹಳ ಅಪರೂಪದ ಹುಳು ಎಂದು ಉತ್ತರ ಬಂತು. ಸಾವಿನ ಬಾಗಿಲಲ್ಲಿ ಕುಳಿತವನಿಗೆ ಹುಳುವಿನ ಗೊಡವೆಯೇ ಎಂದು ಅವರಿಗೆ ಅನ್ನಿಸಿರಬೇಕು. ಹೇಗೂ ಇರಲಿ, ಅವರು ಅದನ್ನು ಪರಿಚಯದ ಹುಡುಗನೊಬ್ಬನಿಗೆ ತಲುಪಿಸಿದರು. ಬೋರಿ ದ ಸೆಂ-ವೆಂಸಾ ಎಂಬ ಆ ಹುಡುಗನ ವಯಸ್ಸು ಆಗ ಹದಿನೈದರ ಆಸುಪಾಸು. ನಿಸರ್ಗದ ಹುಚ್ಚು ಹಿಡಿದಿದ್ದ ಅವನು ಲಾತ್ರೆಯ್ ಅವರ ಬರಹಗಳನ್ನು ಮೊದಲೇ ಬಲ್ಲವನಾಗಿದ್ದ. ಅವನೂ ಅವನ ಬಂಧುಮಿತ್ರರೂ ಓಡಾಡಿದ ಫಲವಾಗಿ ಲಾತ್ರೆಯ್ ಮತ್ತು ಅವರ ಕೋಣೆಯ ಇನ್ನೊಬ್ಬ ಬಂದಿಗೆ ಬಿಡುಗಡೆ ದೊರೆಯಿತು. ಅಲ್ಲೇ ಉಳಿದ ಸಂಗಡಿಗರು ಒಂದು ತಿಂಗಳೊಳಗೆ ಪ್ರಾಣ ಕಳೆದುಕೊಂಡಿದ್ದರು. ಆ ಜೀರುಂಡೆಯ ಹೆಸರು ನೆಕ್ರೋಬಿಯ ರೂಫಿಕೊಲಿಸ್. 1833ರಲ್ಲಿ ಲಾತ್ರೆಯ್ ತೀರಿಕೊಂಡ ಮೇಲೆ ಪ್ಯಾರಿಸ್ಸಿನ ಪೆರ್ ಲಾಶೇಸ್ ಸ್ಮಶಾನದ ಅವರ ಸ್ಮಾರಕದ ಕಲ್ಲಿನಲ್ಲಿ, ಅವರ ಪ್ರಾಣ ಉಳಿಸಿದ್ದು ಅದೇ ಎಂದು ಲ್ಯಾಟಿನ್ನಿನಲ್ಲಿ ಕೆತ್ತಿಸಲಾಯಿತು.

ಇನ್ನು ನಮ್ಮ ಹೊಳೆಗೆ ಬರೋಣ. ಕಪ್ಪು ನೊಣದ ಮರಿಹುಳುವಿಗೆ ನಿಂತ ನೀರು ಒಗ್ಗದು. ಅದು ತಾನೇ ನೂತ ರೇಷ್ಮೆಯ ಅಂಟನ್ನು ಕಲ್ಲಿಗೋ ಎಲೆಗೋ ಮೆತ್ತಿ, ಹಿಂಬದಿಯ ಕೊಕ್ಕೆಗಳನ್ನು ಅದರಲ್ಲಿ ಸಿಕ್ಕಿಸಿ, ತಲೆಯನ್ನು ಹರಿವಿಗೆ ಒಡ್ಡಿ ನಿಲ್ಲುತ್ತದೆ. ತಲೆಯ ಮೇಲೆ ಎರಡು ಬೀಸಣಿಗೆಗಳಿರುತ್ತವೆ. ನೀರಿನೊಡನೆ ತೇಲಿ ಬರುವ ಕಣಗಳನ್ನು ಅವು ಸೋಸಿ ಹಿಡಿಯುತ್ತವೆ. ಹುಳು ಆ ಬೀಸಣಿಗೆಯನ್ನು ಬಾಯಿಯತ್ತ ಮಡಿಸಿ ತಿನ್ನುತ್ತದೆ, ಮತ್ತೆ ಬಿಚ್ಚುತ್ತದೆ. ಆದ್ದರಿಂದ ಚನ್ನರಾಯಪಟ್ಟಣದ ಕೆರೆಗಳಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ಅದೇ ತಾಲ್ಲೂಕಿನ ಬಾಗೂರು-ನವಿಲೆ ಕಡೆಗೆ ಹರಿಯುವ ಹೇಮಾವತಿ ನಾಲೆಯ ತೂಬಿನ ಬಳಿ ಹುಡುಕಬಹುದು. ಹೊಳೆನರಸೀಪುರದಲ್ಲಿ ಶ್ರೀರಾಮದೇವರ ಕಟ್ಟೆಯ ಕೆಳಗೆ, ಅರಕಲಗೂಡಿನಲ್ಲಿ ಕಾವೇರಿ ಬಂಡೆಗಳ ನಡುವೆ ನುಗ್ಗುವ ರಾಮನಾಥಪುರದಲ್ಲಿ, ಹೀಗೆ ನೀರು ನೊರೆಯೆದ್ದು ಇಳಿಯುವ ಕಡೆಗಳಲ್ಲೆಲ್ಲ ಇದಕ್ಕೆ ನೆಲೆಯುಂಟು. ಗೊರೂರಿನ ಅಣೆಕಟ್ಟೆಯನ್ನೇ ನೋಡಿ. ಹಿಂದೆ ಹರಿಯುತ್ತಿದ್ದ ಹೊಳೆ 1979ರ ನಂತರ ಕಟ್ಟೆಯ ಮೇಲ್ಬದಿಯಲ್ಲಿ ನಿಂತ ನೀರಾಯಿತು. ಶೆಟ್ಟಿಹಳ್ಳಿಯ ಜಪಸರ ಮಾತೆಯ ಹಳೆಯ ದೇವಾಲಯ ಮಳೆಗಾಲದಲ್ಲಿ ಆ ನೀರಿನಲ್ಲಿ ಮುಳುಗುವುದನ್ನು ನಾವೆಲ್ಲ ನೋಡಿದ್ದೇವೆ. ಊರು ಬಿಟ್ಟ ಜನರ ನೆನಪಾದರೂ ನಮಗಿದೆ. ಆ ಹರಿವಿನ ಜೊತೆ ಏನೆಲ್ಲ ಹುಳುಗಳು ಹೋದವು, ಕಟ್ಟೆಯ ಕೆಳಗೆ ಧುಮ್ಮಿಕ್ಕುವ ನೀರಿನಲ್ಲಿ ಯಾವುವು ಹೊಸದಾಗಿ ನೆಲೆಸಿದವು ಎಂದು ಲೆಕ್ಕವಿಡುವವರು ಯಾರು?

ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ನಾನು ಮಕ್ಕಳನ್ನು ಹೊಳೆಗೆ ಕರೆದೊಯ್ಯುತ್ತಿದ್ದೆ. ನೀರಿನಲ್ಲಿ ಮುಳುಗಿದ ಹುಲ್ಲಿನ ಎಲೆಯನ್ನು ಎತ್ತಿದರೆ ಅದರ ಮೇಲೆ ಚಪ್ಪಲಿಯಾಕಾರದ ಪುಟ್ಟ ಗೂಡುಗಳು, ಬಾಯಿ ನೀರು ಹರಿದುಹೋಗುವ ದಿಕ್ಕಿಗೆ. ಅವುಗಳಿಂದ ಬೆಳ್ಳಗಿನ ಎಳೆಗಳು ಹೊರಚಾಚಿರುತ್ತವೆ. ಅವು ಉಸಿರಿನ ಎಳೆಗಳು. ದಿನ ತುಂಬಿದಾಗ ನೊಣವು ಗಾಳಿಯ ಗುಳ್ಳೆಯೊಂದರೊಳಗೆ ಕೂತು ಮೇಲಕ್ಕೆ ಬರುತ್ತದೆ; ರೆಕ್ಕೆ ಒದ್ದೆಯಾಗದೆ ಹಾರಿಹೋಗುತ್ತದೆ. ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: “ಸರ್, ಇದಕ್ಕೆ ಇನ್ನೂ ಯಾರೂ ಹೆಸರು ಇಡದೇ ಇದ್ದರೆ?” ಆ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು, ಇದನ್ನು ಬರೆಯುವುದಕ್ಕೂ ಅದೇ ಕಾರಣ.

ಹೊಸ ಪ್ರಭೇದವೆಂದು ಹೇಳುವುದು ಸುಲಭದ ಮಾತಲ್ಲ. ಹಾರುವ ನೊಣವನ್ನಷ್ಟೇ ಹಿಡಿದರೆ ಸಾಲದು, ಏಕೆಂದರೆ ಹತ್ತಾರು ಪ್ರಭೇದಗಳ ಹೆಣ್ಣುಗಳು ನೋಡಲು ಒಂದೇ. ಗೂಡನ್ನು ಒದ್ದೆ ಕಾಗದದೊಡನೆ ಸಣ್ಣ ನಳಿಗೆಯಲ್ಲಿಟ್ಟು, ನೊಣ ಹೊರಬರುವವರೆಗೆ ಕಾದು, ಅದು ಬಿಟ್ಟ ಪೊರೆಯನ್ನೂ ಅದನ್ನೂ ಜೊತೆಯಾಗಿಯೇ ಕಾಪಾಡಬೇಕು. ಇಲ್ಲವಾದರೆ ಯಾವ ಮರಿಹುಳು ಯಾವ ನೊಣವಾಯಿತೆಂಬ ಸಾಕ್ಷಿ ಉಳಿಯುವುದಿಲ್ಲ. ಉಸಿರಿನ ಎಳೆಗಳು ನಾಲ್ಕೋ ಆರೋ ಎಂಟೋ, ಅವು ಎಲ್ಲಿ ಕವಲೊಡೆಯುತ್ತವೆ, ಮರಿಹುಳುವಿನ ಗಂಟಲಿನ ಅಡಿಯ ಸೀಳು ಎಷ್ಟು ಆಳ, ಗಂಡಿನ ಜನನಾಂಗದ ಆಕಾರ ಎಂಥದು ಎಂಬುದನ್ನೆಲ್ಲ ಸೂಕ್ಷ್ಮದರ್ಶಕದಡಿ ನೋಡಿ ಚಿತ್ರ ಬರೆಯಬೇಕು. ಆಮೇಲೆ ಬರುವುದು ನಿಜವಾದ ದುಡಿಮೆ: ಇದಕ್ಕೆ ಹೋಲುವ ಹುಳುವಿಗೆ ಹಿಂದೆ ಎಲ್ಲಿಯಾದರೂ, ಯಾರಾದರೂ ಹೆಸರಿಟ್ಟಿದ್ದಾರೆಯೇ ಎಂದು ಹಳೆಯ ಬರಹಗಳನ್ನೆಲ್ಲ ಜಾಲಾಡುವುದು. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ. ಭಾರತದ ಕಪ್ಪು ನೊಣಗಳ ಮಟ್ಟಿಗೆ 1911ರಲ್ಲಿ ಬ್ರುನೆಟ್ಟಿ, 1932-33ರಲ್ಲಿ ಐ. ಎಂ. ಪುರಿ ಬರೆದದ್ದನ್ನು ಓದದೆ ಯಾರೂ ಮುಂದಡಿ ಇಡಲಾರರು. ಪುರಿಯವರು ವರ್ಣಿಸಿದ ಎರಡು ಪ್ರಭೇದಗಳು ನೀಲಗಿರಿಯ ಮತ್ತು ಪಳನಿ ಬೆಟ್ಟದ ಹೆಸರನ್ನು ಹೊತ್ತಿವೆ. ಈಚಿನ ವರ್ಷಗಳಲ್ಲಿ ತಮಿಳುನಾಡಿನ ಬೆಟ್ಟದ ತೊರೆಗಳಿಂದ ಇನ್ನೂ ಹಲವು ಹೊಸ ಪ್ರಭೇದಗಳ ವರ್ಣನೆ ಪ್ರಕಟವಾಗಿದೆ. ಕೊನೆಗೆ ಒಂದೇ ಒಂದು ಮಾದರಿಯನ್ನು ಆ ಹೆಸರಿನ ಶಾಶ್ವತ ಸಾಕ್ಷಿಯಾಗಿ ಆರಿಸಿ ಸಂಗ್ರಹಾಲಯದಲ್ಲಿ ಇರಿಸಬೇಕು. ನಮ್ಮ ದೇಶದಲ್ಲಿ ಇಂಥವನ್ನು ಕಾಪಾಡುವ ದೊಡ್ಡ ಮನೆ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ, ಕೋಲ್ಕತ್ತದಲ್ಲಿ.

ಇಷ್ಟೆಲ್ಲ ಏಕೆ, ಕಚ್ಚುವ ಹುಳು ಕಚ್ಚುವ ಹುಳುವೇ ಅಲ್ಲವೇ ಎಂದು ತಾವು ಕೇಳಬಹುದು. ಆಫ್ರಿಕದ ನದಿಗಳ ಬಳಿ ಈ ಪ್ರಶ್ನೆ ಯಾರೂ ಕೇಳಲಾರರು. ಅಲ್ಲಿ ಕಪ್ಪು ನೊಣದ ಕಡಿತದಿಂದ ಮೈಯೊಳಗೆ ಸೇರುವ ದಾರದಂಥ ಹುಳು ಜನರ ಕಣ್ಣನ್ನೇ ಕಿತ್ತುಕೊಂಡಿತು. ನದಿ ಕುರುಡು ಎಂದೇ ಅದರ ಹೆಸರು. ಫಲವತ್ತಾದ ನದಿತೀರಗಳನ್ನು ಬಿಟ್ಟು ಹಳ್ಳಿಗೆ ಹಳ್ಳಿಯೇ ಗುಳೆಹೋದದ್ದುಂಟು. ಒಂದೇ ಪ್ರಭೇದವೆಂದು ತಿಳಿದಿದ್ದ ಸಿಮ್ಯುಲಿಯಮ್ ಡ್ಯಾಮ್ನೋಸಮ್, ಮರಿಹುಳುವಿನ ರೇಷ್ಮೆಗ್ರಂಥಿಯ ದೈತ್ಯ ವರ್ಣತಂತುಗಳನ್ನು ಪರೀಕ್ಷಿಸಿದಾಗ ಹಲವು ಪ್ರಭೇದಗಳ ಕೂಟವೆಂದು ತಿಳಿಯಿತು. ಹೊರನೋಟಕ್ಕೆ ಅವಳಿಗಳು, ನಡತೆಯಲ್ಲಿ ಬೇರೆ. ಕೆಲವು ರೋಗ ಹರಡುತ್ತವೆ, ಕೆಲವು ಹರಡುವುದಿಲ್ಲ. ಎಲ್ಲಿ ಮದ್ದು ಸಿಂಪಡಿಸಬೇಕೆಂಬ ನಿರ್ಧಾರಕ್ಕೆ ಈ ತಿಳಿವಳಿಕೆ ಬೇಕಾಗಿತ್ತು. 1974ರಿಂದ 2002ರವರೆಗೆ ಪಶ್ಚಿಮ ಆಫ್ರಿಕದ ಹನ್ನೊಂದು ದೇಶಗಳಲ್ಲಿ ನಡೆದ ಆ ಹೋರಾಟಕ್ಕೆ ಐವರ್ಮೆಕ್ಟಿನ್ ಔಷಧವೂ ನೆರವಾಯಿತು. ಅದರ ಶೋಧಕ್ಕಾಗಿ ಕ್ಯಾಂಬೆಲ್ ಮತ್ತು ಓಮುರ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹೆದರಬೇಡಿ, ಆ ರೋಗ ನಮ್ಮ ಸೀಮೆಯಲ್ಲಿಲ್ಲ. ಆದರೆ ಅವಳಿಗಳ ಸಮಸ್ಯೆ ನಮಗೂ ಉಂಟು. ಮಲೆನಾಡಿನ ತೊರೆಗಳ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯೂ ಒಂದಲ್ಲ, ಕೂಟ. ಅದರಲ್ಲಿ ಮನುಷ್ಯರನ್ನು ಅರಸಿ ಕಚ್ಚಿ ಮಲೇರಿಯ ಹರಡುವುದು ಒಂದು ಬಗೆ, ದನಗಳ ರಕ್ತದಲ್ಲೇ ತೃಪ್ತಿಪಡುವುದು ಬೇರೆ ಬಗೆ.

ಕರ್ನಾಟಕದವರಿಗೆ ನೊಣಗಳಿಗೆ ಹೆಸರಿಡುವ ಕೆಲಸ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ಹಣ್ಣಿನ ನೊಣಗಳನ್ನು ಹುಡುಕುತ್ತ ಕಾಡುಮೇಡು ಅಲೆದರು. ಡ್ರೊಸೊಫಿಲ ಮೈಸೂರೆನ್ಸಿಸ್, ಡ್ರೊಸೊಫಿಲ ಆಗುಂಬೆನ್ಸಿಸ್ ಎಂಬ ಹೆಸರುಗಳು ಹಾಗೆ ಹುಟ್ಟಿದವು. ಮಾನಸಗಂಗೋತ್ರಿಯನ್ನು ನೆನಪಿಸುವ ಡ್ರೊಸೊಫಿಲ ಗಂಗೋತ್ರಿಯೂ ಇದೆ. ತೇಜಸ್ವಿಯವರ ಕರ್ವಾಲೊ ಓದಿದವರಿಗೆ ಮೂಡಿಗೆರೆಯ ಆ ವಿಜ್ಞಾನಿ ಹಾರುವ ಓತಿಯ ಬೆನ್ನು ಹತ್ತಿದ್ದು ನೆನಪಿರುತ್ತದೆ. ಹೇಮಾವತಿ ಹುಟ್ಟುವುದೂ ಅದೇ ಮೂಡಿಗೆರೆಯ ಸೀಮೆಯಲ್ಲಿ. ನಮ್ಮ ನಾಲ್ಕು ತಾಲ್ಲೂಕುಗಳ ನೀರಿನಲ್ಲಿ ಹೆಸರಿಲ್ಲದ್ದು ಏನಾದರೂ ಇದ್ದರೆ ಅದನ್ನು ತಿಳಿಯಲು ಉಳಿದಿರುವ ಕಾಲಾವಕಾಶ ದೊಡ್ಡದೇನಲ್ಲ. ಮರಳು ತೆಗೆದ ಹೊಳೆಯಲ್ಲಿ ಹರಿವು ಮೊದಲಿನಂತಿರುವುದಿಲ್ಲ, ಊರಿನ ಕೊಳಚೆ ಸೇರಿದ ಹೊಳೆಯಲ್ಲಿ ಸೂಕ್ಷ್ಮ ಜೀವಗಳು ಮೊದಲು ಅಳಿಯುತ್ತವೆ. ಹೆಸರಿಲ್ಲದ್ದು ಅಳಿದರೆ ಅಳಿಯಿತೆಂದು ಬರೆದುಕೊಳ್ಳುವ ಪುಸ್ತಕವೂ ಇರುವುದಿಲ್ಲ.

ತಮ್ಮ ಮನೆಯ ಹೈಸ್ಕೂಲು ಮಕ್ಕಳಿಗೆ ಆಸಕ್ತಿಯಿದ್ದರೆ ಹಿರಿಯರೊಬ್ಬರ ಜೊತೆಯಲ್ಲಿ, ಮಳೆ ನಿಂತು ನೀರು ತಿಳಿಯಾದ ಮೇಲೆ, ಆಳವಿಲ್ಲದ ಕಡೆ ಹುಡುಕಲಿ. ಒಂದು ಬಿಳಿ ತಟ್ಟೆ, ಮೆತ್ತನೆಯ ಕುಂಚ, ಮುಚ್ಚಳವಿರುವ ಗಾಜಿನ ನಳಿಗೆಗಳು ಸಾಕು. ಸಿಕ್ಕಿದ್ದನ್ನು ಮದ್ಯಸಾರದಲ್ಲಿಟ್ಟು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಬಹುದು. ನಳಿಗೆಯೊಳಗೆ ಒಂದು ಚೀಟಿ ಇರಬೇಕು: ಊರು, ತಾಲ್ಲೂಕು, ಹೊಳೆ ಅಥವಾ ನಾಲೆಯ ಹೆಸರು, ತಾರೀಖು, ಕಲ್ಲಿನ ಮೇಲಿತ್ತೋ ಎಲೆಯ ಮೇಲಿತ್ತೋ ಎಂಬ ವಿವರ, ಸಂಗ್ರಹಿಸಿದವರ ಹೆಸರು. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು; ಬಾಲ್ ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ.