ಕಾಳಿಯ ಕಲ್ಲು: ಕೆಲವು ಟಿಪ್ಪಣಿಗಳು

1

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲು ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಕಲ್ಲಿನಲ್ಲಿ ಒಂದು ಹಂದಿ, ಅದರ ಮೇಲೆ ಬಿದ್ದ ಒಂದು ನಾಯಿ. ಜೊತೆಗೆ ಹಳಗನ್ನಡದ ಸಾಲುಗಳು. ಕಾಲ ಶಕ 872, ಅಂದರೆ ಕ್ರಿ.ಶ. 949–50.

ನಾಯಿಯ ಹೆಸರು ಕಾಳಿ.

2

ಬರಹದಲ್ಲಿ ದೊಡ್ಡವರೆಲ್ಲ ಇದ್ದಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ. ಶಾಸನಕ್ಕೆ ಅವನು ಕನ್ನರದೇವ. ಅವನ ಭಾವ, ಗಂಗರ ಇಮ್ಮಡಿ ಬೂತುಗ. ತಕ್ಕೋಲದ ಯುದ್ಧ. ಅಲ್ಲಿ ಸತ್ತ ಚೋಳ ರಾಜಾದಿತ್ಯ.

ಕೆತ್ತಿಸಿದ ಚಿತ್ರದಲ್ಲಿ ಇವರಲ್ಲಿ ಯಾರೂ ಇಲ್ಲ.

3

ಬೂತುಗನ ಕಡೆ ಮಣಲೆರ ಎಂಬ ವೀರ. ಸಗರ ವಂಶದವನು. ತಕ್ಕೋಲದಲ್ಲಿ ಅವನು ಕಾದಿದ ರೀತಿಗೆ ಬೂತುಗ ಮೆಚ್ಚಿದ. ಏನು ಬೇಕೋ ಕೇಳು ಎಂದ. ಮಣಲೆರ ಬೂತುಗನ ನಾಯಿಯನ್ನು ಕೇಳಿದ.

ಈ ಜಾಗದಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಕೇಳುವ ಮುಂಚೆ ಆ ನಾಯಿಯನ್ನು ಅವನು ಎಷ್ಟು ದಿನ ನೋಡಿದ್ದನೋ! ಶಿಬಿರದಲ್ಲಿ, ದಂಡಿನ ದಾರಿಯಲ್ಲಿ, ಇನ್ನೊಬ್ಬನ ಕೈಯಲ್ಲಿ ಅದರ ಹಗ್ಗ ಇದ್ದಾಗ.

4

ಅದೇ ಯುದ್ಧಕ್ಕೆ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳು: ಬನವಾಸೆ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70.

ಬೂತುಗ ಮಣಲೆರನಿಗೆ ನಾಯಿಯಲ್ಲದೆ ಆತುಕೂರು 12 ಅನ್ನೂ ಕೊಟ್ಟ. ಇಂದಿನ ಆತಕೂರೇ ಅದು. ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಉಂಬಳಿಯಾಗಿ. ಊರು ಮಣಲೆರ ಕೇಳಿದ್ದಲ್ಲ.

5

ಕೆಳಲೆನಾಡಿನ ಬೆಳತೂರು. ಅದರ ಪಡುವಣ ಗುಡ್ಡ. ದೊಡ್ಡದೊಂದು ಹಂದಿ. ಕಾಳಿಯನ್ನು ಅದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು.

ಬೇಟೆಯ ವಿವರ ಶಾಸನದಲ್ಲಿ ಇಷ್ಟೇ. ಮಿಕ್ಕಿದ್ದು ಹಂದಿಬೇಟೆ ಕಂಡವರಿಗೆ ಗೊತ್ತು. ನಾಯಿ ಕಿವಿಗೆ ಬಾಯಿ ಹಾಕುತ್ತದೆ. ಹಂದಿ ತಲೆ ಒದರುತ್ತದೆ. ಕೋರೆ ನಾಯಿಯ ಪಕ್ಕೆಯನ್ನೋ ಹೊಟ್ಟೆಯನ್ನೋ ಸೀಳುತ್ತದೆ. ಹಿಡಿದದ್ದನ್ನು ಬಿಟ್ಟ ನಾಯಿ ಬದುಕುವುದುಂಟು.

6

ಕಲ್ಲು ನಿಲ್ಲಿಸಿದ್ದು ಆತುಕೂರಿನಲ್ಲಿ, ಚಲ್ಲೇಶ್ವರನ ಮುಂದೆ. ನಾಯಿ ಸತ್ತದ್ದು ಬೆಳತೂರಿನ ಗುಡ್ಡದಲ್ಲಿ. ಕಲ್ಲು ಯಜಮಾನನ ಊರಿಗೆ, ದೇವರ ಎದುರಿಗೆ ಬಂತು.

7

ಕಲ್ಲಿಗೆ ಭೂಮಿ ಬಿಟ್ಟರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ. ಕೆರೆಯ ಕೆಳಗಿನ ಭೂಮಿ ಎಂದರೆ ನೀರಿನ ಭೂಮಿ, ಭತ್ತದ ಭೂಮಿ. ಒಣಗಿದ ಹೊಲವನ್ನು ಯಾರೂ ಆರಿಸಲಿಲ್ಲ.

8

ಪೂಜೆ ಶಿವನ ಪೂಜಾರಿ ಗೊರವನದು. ಕಲ್ಲಿಗೆ ಪೂಜೆ ಮಾಡದೆ ಅವನು ಉಣ್ಣಬಾರದು. ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ. ಭೂಮಿಯನ್ನು ಕೆಡಿಸಿದವನಿಗೂ ಅದೇ. ಅವನು ನಾಡಾಳುವವನಾಗಲಿ, ಊರಾಳುವವನಾಗಲಿ, ಒಕ್ಕಲಾಗಲಿ.

ದಾನಶಾಸನಗಳ ಶಾಪ ಸಾಮಾನ್ಯವಾಗಿ ಬೇರೆ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳು. ಇಲ್ಲಿ ನಾಯಿಯ ಪಾಪ. ಕಾಳಿ ಏನು ಪಾಪ ಮಾಡಿತ್ತು? ಬಾಳೆಲ್ಲ ಬೇಟೆಯಾಡಿತ್ತು, ಹಾಗಾಗಿಯೇ? ಹಾಗಿದ್ದರೆ ಪೂಜೆಯೂ ಪಾಪವೂ ಒಂದೇ ಕೆಲಸಕ್ಕೆ ಸಂದಿವೆ.

9

ಮೈಲಾರದಲ್ಲಿ, ದೇವರಗುಡ್ಡದಲ್ಲಿ ಇಂದಿಗೂ ಗೊರವರಿದ್ದಾರೆ. ಕರಿ ಕಂಬಳಿ, ಡಮರು, ಭಂಡಾರದ ಚೀಲ. ದೋಣಿಸೇವೆಯ ದಿನ ಮರದ ದೋಣಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿ ಇಡುತ್ತಾರೆ. ಗೊರವರು ನಾಯಿಗಳಂತೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ, ದೋಣಿಗೆ ಬಾಯಿ ಹಾಕುತ್ತಾರೆ.

ಮೈಲಾರಲಿಂಗನ ಜೊತೆ ನಾಯಿ ಇರುತ್ತದೆ.

10

ರಾಜಾದಿತ್ಯ ಸತ್ತ ಬಗೆಯ ಮೇಲೆ ವಿದ್ವಾಂಸರು ಬಹಳ ಕಾಲ ವಾದಿಸಿದ್ದಾರೆ. ಬೂತುಗ ಅವನನ್ನು ಮೋಸದಿಂದ ಇರಿದನೋ, ಆನೆಯ ಮೇಲೆ ಕಾದಾಡಿ ಕೊಂದನೋ. ಚೋಳರ ಲೈಡನ್ ತಾಮ್ರಪಟ ಆನೆಯ ಬೆನ್ನಿನ ಮೇಲಿನ ಸಾವನ್ನೇ ಹೇಳುತ್ತದೆ. ವಾದದ ಇನ್ನೊಂದು ಮುಖ್ಯ ಆಧಾರ ಈ ನಾಯಿಯ ಕಲ್ಲು.

11

ಶಾಸನದಲ್ಲಿ ದುಃಖ ಎಂಬ ಮಾತಿಲ್ಲ. ಮಣಲೆರ ಅತ್ತ ಎಂದಿಲ್ಲ. ಕೆರೆ, ಖಂಡುಗ, ಗೊರವ, ಊಟ, ಪಾಪ, ಇಷ್ಟರಲ್ಲೇ ಮುಗಿದಿದೆ.

ಈಜಿಪ್ಟಿನ ಗೀಜಾದಲ್ಲಿ 1935ರಲ್ಲಿ ಸಿಕ್ಕ ಒಂದು ಕಲ್ಲಿನಲ್ಲೂ ಹೀಗೆಯೇ. ರಾಜನ ನಾಯಿಯೊಂದು ಸತ್ತಾಗ ರಾಜ ಕೊಡಿಸಿದ್ದರ ಪಟ್ಟಿ ಅದು: ಶವಪೆಟ್ಟಿಗೆ, ನಾರುಬಟ್ಟೆ, ಧೂಪ, ಗೋರಿ ಕಟ್ಟಲು ಕೆಲಸದವರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು. ಪಟ್ಟಿ ಸಿಕ್ಕಿದೆ, ಗೋರಿ ಸಿಕ್ಕಿಲ್ಲ.

12

ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನ ವೀರಗಲ್ಲು ಕಾಳಿಯ ಕಲ್ಲಿಗಿಂತ ಹಳೆಯದು, ಪಲ್ಲವ ಮಹೇಂದ್ರವರ್ಮನ ಕಾಲದ್ದು. ವೀರನ ಬೆನ್ನ ಹಿಂದೆ ನಾಯಿ. ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿತು ಎಂದು ಕೆತ್ತಿದ್ದಾರೆ. ಕಚ್ಚಿಸಿಕೊಂಡವರ ಲೆಕ್ಕವನ್ನೂ ಮರೆತಿಲ್ಲ.

13

ಮದ್ದೂರಿನ ಕಡೆಯವರೇ ಒಬ್ಬರು, ವಯಸ್ಸಾದವರು, ನಾಯಿ ಕಳೆದುಕೊಂಡಿದ್ದರು. ಮಾತು ಶುರು ಮಾಡಿದರು: "ಹಳುವಿಗೆ ನುಗ್ತು ಅಂದ್ರೆ ಸಾ, ಹಂದಿ ಎಬ್ಬುಸ್ದೆ ಈಚೆಗೆ ಬತ್ತಿರ್ಲಿಲ್ಲ..."

ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಅದು ಮೊಸರನ್ನ ತಿನ್ನುತ್ತಿದ್ದ ಬಗೆ ಹೇಳಿದರು. ಮನೆ ಕಾಯುತ್ತಿದ್ದ ಬಗೆ ಹೇಳಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧ. ಕಾಯಿದೆ ಬೇಕಾದದ್ದೇ, ಅದಿಲ್ಲದಿದ್ದರೆ ಕಾಡಿನಲ್ಲಿ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಆ ನಾಯಿ ಯಾವುದರಲ್ಲಿ ಪಳಗಿತ್ತೋ ಅದನ್ನು ಹೇಳಿ ಅಳಲು ಅವರಿಗೆ ಆಗಲಿಲ್ಲ.

14

ಅವರ ಮನೆಯ ಗೂಟದಲ್ಲಿ ಸರಪಳಿ ಹಾಗೇ ಇತ್ತು. ಸೊಸೆ ಅದನ್ನು ತೆಗೆದಿಡಲು ಹೋದಾಗ "ಇರ್ಲಿ ಬುಡವ್ವ" ಎಂದರು.

15

ಮಲೆನಾಡಿನ ಹಳೆಯ ಬೇಟೆಗಳಲ್ಲಿ ಮಾಂಸ ಹಂಚುವಾಗ ನಾಯಿಗೂ ಪಾಲು ಇತ್ತು. ಪಾಲು ಹೋಗುತ್ತಿದ್ದುದು ನಾಯಿಯ ಯಜಮಾನನ ಮನೆಗೆ. ಗಾಯವಾದ ನಾಯಿಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಸೂಜಿ ದಾರದಿಂದ ಹೊಲಿಯುತ್ತಿದ್ದರು.

16

ಗ್ರೀಕರ ಕ್ಸೆನೊಫೋನ್ ಬೇಟೆಯ ಮೇಲೆ ಪುಸ್ತಕ ಬರೆದಿದ್ದಾನೆ. ನಾಯಿಗೆ ಹೆಸರು ಚಿಕ್ಕದಿರಲಿ, ಕೂಗಲು ಸುಲಭವಾಗುತ್ತದೆ ಎನ್ನುತ್ತಾನೆ. ನಲವತ್ತಕ್ಕೂ ಹೆಚ್ಚು ಹೆಸರುಗಳನ್ನು ಕೊಡುತ್ತಾನೆ. ಎಲ್ಲವೂ ಚಿಕ್ಕವು.

ಕಾಳಿ. ಲೇಖಕ ತೇಜಸ್ವಿಯವರ ನಾಯಿ ಕಿವಿ. ಎರಡೆರಡೇ ಅಕ್ಷರ. ಕಾಡಿನಲ್ಲಿ ಕೂಗಿ ನೋಡಿದರೆ ತಿಳಿಯುತ್ತದೆ.

17

ಐದು ಶತಮಾನ ಕಳೆದ ಮೇಲೆ ಅರ್ರಿಯಾನ್ ಅದೇ ವಿಷಯಕ್ಕೆ ತನ್ನ ಪುಸ್ತಕ ಬರೆದ. ಅಲೆಕ್ಸಾಂಡರನ ಚರಿತ್ರೆ ಬರೆದವನು ಅವನೇ. ಬೇಟೆನಾಯಿಯ ಕಣ್ಣು ಹೇಗಿರಬೇಕು ಎಂದು ಹೇಳುತ್ತ ಹೇಳುತ್ತ ತನ್ನ ನಾಯಿಯ ಕಡೆ ತಿರುಗುತ್ತಾನೆ. ಅದರ ಕಣ್ಣು ಬೂದು ಬಣ್ಣ. ಹೊರಗೆ ಹೋಗಿ ಬಂದರೆ ಹೇಗೆ ಎದುರುಗೊಳ್ಳುತ್ತದೆ, ಹಸಿದಾಗ ಯಾವ ದನಿ, ಸಿಟ್ಟಿಗೆ ಯಾವ ದನಿ. ಮುಂದಿನವರಿಗೆ ಉಳಿಯಲಿ ಎಂದು ಅದರ ಹೆಸರನ್ನೂ ಬರೆದಿಡುತ್ತಾನೆ: ಹೋರ್ಮೆ.

ಆಗ ಹೋರ್ಮೆ ಬದುಕಿತ್ತು. ಬರೆಯುವವನ ಹತ್ತಿರವೇ ಇತ್ತು.

18

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಾಲದ ಒಂದು ಅಮೃತಶಿಲೆ. ಮಾರ್ಗರಿಟಾ ಎಂಬ ಬಿಳಿ ನಾಯಿಯದು. ಹೆಸರಿನ ಅರ್ಥ ಮುತ್ತು. ಕಲ್ಲಿನ ಮೇಲೆ ನಾಯಿಯೇ ಮಾತಾಡುತ್ತದೆ: ಗಾಲ್ ದೇಶದಲ್ಲಿ ಹುಟ್ಟಿದೆ, ಕಾಡುಗುಡ್ಡಗಳಲ್ಲಿ ಬೇಟೆಯಾಡಿದೆ, ಸರಪಳಿ ಕಾಣಲಿಲ್ಲ, ಏಟು ತಿನ್ನಲಿಲ್ಲ, ಯಜಮಾನ ಯಜಮಾನಿಯ ಮಡಿಲಲ್ಲಿ ಮಲಗುತ್ತಿದ್ದೆ. ಮಾರ್ಗರಿಟಾ ಸತ್ತದ್ದು ಹೆರಿಗೆಯಲ್ಲಿ. ಹಂದಿ ಅಲ್ಲ, ಕರಡಿ ಅಲ್ಲ.

19

ವೇಲ್ಸ್ ದೇಶದ ಬೆಡ್‌ಗೆಲರ್ಟ್ ಎಂಬ ಹಳ್ಳಿಯಲ್ಲಿ ಗೆಲರ್ಟ್ ಎಂಬ ಬೇಟೆನಾಯಿಯ ಗೋರಿ ಇದೆ. ಕತೆ: ರಾಜ ಮನೆಗೆ ಬರುತ್ತಾನೆ, ನಾಯಿಯ ಬಾಯಲ್ಲಿ ರಕ್ತ, ತೊಟ್ಟಿಲು ಮಗುಚಿದೆ. ಕತ್ತಿಯಿಂದ ಇರಿಯುತ್ತಾನೆ. ಆಮೇಲೆ ನೋಡಿದರೆ ಮಗು ನಗುತ್ತಿದೆ, ಪಕ್ಕದಲ್ಲಿ ಸತ್ತ ತೋಳ.

ನಮ್ಮಲ್ಲಿ ಆ ಕತೆ ಮುಂಗುಸಿ ಮತ್ತು ಹಾವಿನದು. ಅವಸರ ಬೀಳುವವಳು ನೀರು ತಂದ ತಾಯಿ.

ಗೆಲರ್ಟನ ಗೋರಿಯನ್ನು ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಹೋಟೆಲಿನವನೊಬ್ಬ ಮಾಡಿಸಿದ ಎನ್ನುತ್ತಾರೆ. ಒಳಗೆ ನಾಯಿ ಇಲ್ಲ. ಹೋದವರು ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾರೆ.

20

ಅದೇ ಕತೆ ಹದಿಮೂರನೆಯ ಶತಮಾನದ ಫ್ರಾನ್ಸಿನಲ್ಲಿ, ಲಿಯೋನಿನ ಹತ್ತಿರ. ಅಲ್ಲಿ ನಾಯಿ ಗಿನಫೋರ್, ಸತ್ತದ್ದು ಹಾವು. ಹಳ್ಳಿಯ ಹೆಂಗಸರು ಕಾಯಿಲೆಯ ಮಕ್ಕಳನ್ನು ಆ ನಾಯಿಯ ಗೋರಿಗೆ ಎತ್ತಿಕೊಂಡು ಬಂದು ಹರಕೆ ಹೊರುತ್ತಿದ್ದರು. ಸ್ಟೀಫನ್ ಎಂಬ ಪಾದ್ರಿ ಎಲುಬುಗಳನ್ನು ತೋಡಿಸಿ ಸುಡಿಸಿದ. ತೋಪನ್ನು ಕಡಿಸಿದ. ಇದನ್ನು ಬರೆದಿಟ್ಟವನೂ ಅವನೇ. ಹೆಂಗಸರು ಬರುವುದು ನಿಲ್ಲಲಿಲ್ಲ.

21

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿಗೆ ಒಂದು ನಾಯಿ, ಹುಲಿಯ. ನಾಯಿಯಿಂದಾಗಿ ಅವನು ನಾಯಿಗುತ್ತಿ. ಕೊನೆಯಲ್ಲಿ ಉಕ್ಕಿದ ತುಂಗೆಯನ್ನು ದಾಟುವಾಗ ಹುಲಿಯ ಹೊಳೆಯ ಪಾಲಾಗುತ್ತದೆ.

ನಾಯಿ ಹೋದ ಮೇಲೂ ಓದುಗರಿಗೆ ಅವನು ನಾಯಿಗುತ್ತಿಯೇ.

22

ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಉದ್ದ ಮೂತಿ, ತೆಳು ಹೊಟ್ಟೆ. ಅದು ವಾಸನೆಗಿಂತ ಕಣ್ಣು ನಂಬಿ ಓಡುವ ತಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಈಗ ಈ ನಾಯಿ ಸೇನೆಯಲ್ಲೂ ಇದೆ.

ಓಡಿ ಹಿಡಿಯಲು ಮೊಲ ಇಲ್ಲದ ಊರುಗಳಲ್ಲೂ ಅದು ಸಂಜೆಯಾದರೆ ದೂರ ನೋಡುತ್ತ ನಿಲ್ಲುತ್ತದೆ.

23

ಅಮೆರಿಕದ ಮಿಸ್ಸೂರಿ ರಾಜ್ಯ, 1869. ಓಲ್ಡ್ ಡ್ರಮ್ ಎಂಬ ಬೇಟೆನಾಯಿಯನ್ನು ಕುರಿಗೆ ಬಾಯಿ ಹಾಕಿತೆಂದು ನೆರೆಯವನ ಕಡೆಯವರು ಗುಂಡಿಟ್ಟು ಕೊಂದರು. ಯಜಮಾನ ಕೋರ್ಟಿಗೆ ಹೋದ. ಒಂದು ಕೋರ್ಟು, ಇನ್ನೊಂದು ಕೋರ್ಟು, ರಾಜ್ಯದ ಸುಪ್ರೀಂ ಕೋರ್ಟು. 1870ರಲ್ಲಿ ಅವನ ವಕೀಲ ಜಾರ್ಜ್ ವೆಸ್ಟ್ ಮಾಡಿದ ಭಾಷಣ ಇಂದಿಗೂ ಅಲ್ಲಿ ಪ್ರಸಿದ್ಧ. ಉಳಿದು ಬಂದಿರುವ ಭಾಗದಲ್ಲಿ ಡ್ರಮ್‌ನ ಹೆಸರಿಲ್ಲ. ಎಲ್ಲ ನಾಯಿಗಳ ಮಾತಿದೆ.

ಪರಿಹಾರ 50 ಡಾಲರ್. ಅವನು ಹಣಕ್ಕೆ ಹೋಗಿರಲಿಲ್ಲ ಎಂದೇ ನನಗೆ ತೋರುತ್ತದೆ.

24

ಅಲಬಾಮಾದಲ್ಲಿ ಒಂದು ಸ್ಮಶಾನ ಇದೆ. ರಕೂನ್ ಎಂಬ ಪ್ರಾಣಿಯನ್ನು ಬೇಟೆಯಾಡುವ ನಾಯಿಗಳಿಗೆ ಮಾತ್ರ. ಆ ಬೇಟೆ ರಾತ್ರಿಯದು. ಯಜಮಾನನಿಗೆ ನಾಯಿ ಕಾಣುವುದಿಲ್ಲ, ಕೇಳುತ್ತದೆ. ಕತ್ತಲಲ್ಲಿ ಹತ್ತು ನಾಯಿ ಬೊಗಳಿದರೂ ತನ್ನದು ಯಾವುದು, ಅದು ಈಗ ಓಡುತ್ತಿದೆಯೋ ಮರದ ಬುಡದಲ್ಲಿ ನಿಂತಿದೆಯೋ ಅವನಿಗೆ ಗೊತ್ತಾಗುತ್ತದೆ.

1937ರ ಸೆಪ್ಟೆಂಬರ್ 4ರಂದು ಕೀ ಅಂಡರ್‌ವುಡ್ ತನ್ನ ಟ್ರೂಪ್ ಎಂಬ ನಾಯಿಯನ್ನು ಅಲ್ಲಿ ಹೂಳಿದ. ಹತ್ತಿ ಬಿಡಿಸುವವರ ಚೀಲದಲ್ಲಿ ಸುತ್ತಿ, ಮೂರಡಿ ಆಳದಲ್ಲಿ. ಹಳೆಯ ಒಲೆಗೂಡಿನ ಕಲ್ಲೊಂದನ್ನು ತಂದು, ಸುತ್ತಿಗೆಯಿಂದಲೂ ಸ್ಕ್ರೂಡ್ರೈವರಿನಿಂದಲೂ ಹೆಸರು, ದಿನಾಂಕ ಕೆತ್ತಿದ. ಆ ಜಾಗ ಅವನು ಬೇಟೆಗೆ ಬಂದಾಗ ಬೀಡುಬಿಡುತ್ತಿದ್ದ ಜಾಗ.

25

ಅಲ್ಲಿ ಹೂಳಲು ನಿಯಮಗಳಿವೆ. ಇದು ಅಪ್ಪಟ ರಕೂನ್ ಬೇಟೆಯ ನಾಯಿ ಎಂದು ಯಜಮಾನ ಹೇಳಬೇಕು. ಸಾಕ್ಷಿ ಬೇಕು. ಸಂಘದವರೊಬ್ಬರು ಸತ್ತ ನಾಯಿಯನ್ನು ಕಣ್ಣಾರೆ ನೋಡಿ ಹೌದೆನ್ನಬೇಕು. ಮನೆಯ ಮುದ್ದಿನ ನಾಯಿಗಳಿಗೆ ಜಾಗವಿಲ್ಲ.

ಪ್ರತಿ ಸೆಪ್ಟೆಂಬರಿನ ಕಾರ್ಮಿಕರ ದಿನ ಜನ ಅಲ್ಲಿ ಸೇರುತ್ತಾರೆ. ಗೋರಿಗಳಿಗೆ ಹೂ ಇಡುತ್ತಾರೆ. ಹಾಡು, ಕುಣಿತ, ಬೆಂಕಿಯಲ್ಲಿ ಸುಟ್ಟ ಮಾಂಸ. ಆಮೇಲೆ ಸುಳ್ಳು ಹೇಳುವ ಪಂದ್ಯ. ಯಾರು ಎಲ್ಲರಿಗಿಂತ ದೊಡ್ಡ ಸುಳ್ಳು ಹೇಳುತ್ತಾರೋ ಅವರು ಗೆದ್ದರು. ಅದು ಗೋರಿಗಳ ಪಕ್ಕದಲ್ಲೇ ನಡೆಯುತ್ತದೆ.