ಬೆಕ್ಕಿಗೆ ಬೇರೆ ಮಾತು

ದೀಪಾವಳಿಯ ಸೂಟಿಯಲ್ಲಿ ಊರಿಗೆ, ಎಂದರೆ ಮುಧೋಳದ ಕಡೆಯ ತಿಮ್ಮಾಪುರಕ್ಕೆ, ಹೋಗಿದ್ದೆ. ಅಕ್ಕನ ಐದು ವರ್ಷದ ಮಗಳಿಗೆಂದು ಬೆಂಡು ಬತ್ತಾಸ ಒಯ್ಯುವ ಬದಲು, ಮುಟ್ಟಿದರೆ ಮಾತನಾಡುವ ಒಂದು ಚಿತ್ರಪುಸ್ತಕವನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದೆ. ಕಾಲೇಜು ಕಲಿಯುವ ಮಾಮನ ಕಾಣಿಕೆ ಹಾಗೆಯೇ ಇರಬೇಕಲ್ಲವೆ!

ಮೊದಮೊದಲು ಎಲ್ಲವೂ ನನ್ನ ಎಣಿಕೆಯಂತೆಯೇ ನಡೆಯಿತು. ಗಿಡ ಮುಟ್ಟಿದರೆ ಹಣ್ಣು ಉದುರಿತು. ಬಾಗಿಲು ಮುಟ್ಟಿದರೆ ಬೆಕ್ಕು ಹೊರಬಂದು ‘ಮ್ಯಾಂವ್’ ಎಂದಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಹತ್ತು ಸಲ ಮುಟ್ಟಿದಳು. ಹತ್ತು ಸಲವೂ ಅದೇ ಮ್ಯಾಂವ್. ಕೊನೆಗೆ ಮುಖವೆತ್ತಿ ಕೇಳಿದಳು: “ಮಾಮಾ, ಈ ಬೆಕ್ಕಿಗೆ ಬ್ಯಾರೆ ಮಾತ ಬರೂದಿಲ್ಲೇನ?”

ನನಗೆ ಉತ್ತರ ತೋಚಲಿಲ್ಲ. ಮಾಡಿದವರು ಎಷ್ಟು ಬಾಗಿಲು ಇಟ್ಟಿರುವರೋ ಅಷ್ಟೇ ತೆರೆಯುತ್ತವೆ. ಗೋಡೆ ಬಡಿದರೆ ಏನೂ ಆಗದು. ಮಕ್ಕಳಿಗೋ ಗೋಡೆ ಬಡಿಯುವುದರಲ್ಲಿಯೇ ಪ್ರೀತಿ.

ಆಗ ಸ್ಟೋರಿವೀವರ್ ನೆನಪಾಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ಕನ್ನಡದ ಚಿತ್ರಕಥೆಗಳನ್ನು ದುಡ್ಡು ಕೊಡದೆ ಓದಬಹುದು. ಅಷ್ಟೇ ಅಲ್ಲ, ಅಲ್ಲಿಯ ಚಿತ್ರಗಳನ್ನು ಆಯ್ದು, ನಮ್ಮದೇ ಮಾತು ಬರೆದು, ಹೊಸ ಪುಸ್ತಕ ಕಟ್ಟಬಹುದು. ಚಿತ್ರ ಬರೆದವರ ಹೆಸರನ್ನು ಹೇಳಿದರಾಯಿತು. ನಾವು ಆನೆಯ ಚಿತ್ರಗಳನ್ನು ಆಯ್ದೆವು. ಈ ಆನೆ ಕುಣಿಯುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ಕಾಯುತ್ತದೆ.

ಅವಳು ಹೇಳತೊಡಗಿದಳು, ನಾನು ಬರೆಯತೊಡಗಿದೆ. ಆನೆ ಕಬ್ಬು ತಿನ್ನಲು ನಮ್ಮ ಹೊಲಕ್ಕೆ ಬಂತು. ಘಟಪ್ರಭೆಯ ನೀರು ಕುಡಿಯಿತು. ಆಮೇಲೆ ಕಬ್ಬಿನ ಟ್ರ್ಯಾಕ್ಟರ್ ಏರಿ ಫ್ಯಾಕ್ಟರಿಗೆ ಹೋಗಿ ಸಕ್ಕರೆಯಾಯಿತು.

“ಆನಿ ಹ್ಯಾಂಗ ಸಕ್ಕರಿ ಆಗತೈತಿ? ಕಬ್ಬ ಅಲ್ಲೇನ ಸಕ್ಕರಿ ಆಗೂದು?” ಎಂದು ನಾನು ತಿದ್ದಿದೆ.

ಹುಡುಗಿಯ ಬಾಯಿ ಕಟ್ಟಿತು. ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಬೆಕ್ಕಿನ ಪುಸ್ತಕವೇ ಬೇಕೆಂದಳು. ಬೆಕ್ಕು ಒಂದೇ ಮಾತನ್ನಾಡಿದರೂ ಅವಳನ್ನು ತಿದ್ದಿರಲಿಲ್ಲ, ನೋಡಿರಿ.

ಬಾಗಿಲಲ್ಲಿ ನಿಂತಿದ್ದ ಅಕ್ಕ ನಕ್ಕಳು. “ತಮ್ಮಾ, ಸಣ್ಣಾವಿದ್ದಾಗ ಚಂದ್ರಾಮನ್ನ ನೋಡಿ ಆ ರೊಟ್ಟಿ ಬೇಕಂತ ಅಳತಿದ್ದಿ. ಅವ್ವ ನಿನ್ನ ತಿದ್ದಿದ್ಲೇನ?”

ನಾನು ಮರುಮಾತನಾಡದೆ ಬರೆದು, ಗಟ್ಟಿಯಾಗಿ ಓದಿದೆ: ಆನೆ ಸಕ್ಕರೆಯಾಯಿತು. ಹುಡುಗಿ ಮೆಲ್ಲಗೆ ಹತ್ತಿರ ಸರಿದಳು. ಆ ಸಕ್ಕರೆ ಹಾಕಿದ ಚಹಾ ಕುಡಿದ ಅಜ್ಜನಿಗೆ ಸೊಂಡಿಲು ಬಂತಂತೆ! ಕೊನೆಯ ಪುಟಕ್ಕೆ ಮಾತು ಸಿಗುವ ಮೊದಲೇ ಅವಳಿಗೆ ನಿದ್ದೆ ಹತ್ತಿತು. ಆ ಪುಟ ಇಂದಿಗೂ ಖಾಲಿಯಾಗಿಯೇ ಇದೆ. ಸಂಕ್ರಾಂತಿಗೆ ಊರಿಗೆ ಹೋಗಬೇಕು.